ದಣಿಯದ ಮಕ್ಕಳ ಬಗ್ಗೆ ಬಂದ ದೂರು

ಕೋಪರಖೈರಣೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರಾಗಿ ಸೇರಿದ ಮೂರನೆಯ ವಾರಕ್ಕೇ ನನ್ನ ಮೇಲೆ ಮೊದಲ ದೂರು ಬಂತು. ಮಕ್ಕಳನ್ನು ಹೊಡೆದೆ, ಬೈದೆ, ಬಿಸಿಲಲ್ಲಿ ನಿಲ್ಲಿಸಿದೆ ಎಂದಲ್ಲ. ಅಂಥದ್ದಕ್ಕೆಲ್ಲ ನಮ್ಮಲ್ಲಿ ಯಾರೂ ದೂರು ಕೊಡುವುದಿಲ್ಲ, ಶಿಕ್ಷಕರ ದಿನಾಚರಣೆಗೆ ಹೂವು ಕೊಡುತ್ತಾರೆ. ನನ್ನ ಅಪರಾಧ ಬೇರೆಯೇ ಇತ್ತು. ಓಟದ ತಂಡದ ಮಕ್ಕಳು ಅಭ್ಯಾಸ ಮುಗಿಸಿ ನಗುತ್ತಾ ಮನೆಗೆ ಹೋಗುತ್ತಿದ್ದರು.

ದೂರು ತಂದವರು ಶಾಲೆಯ ಟ್ರಸ್ಟಿ. ಉಡುಪಿ ಕಡೆಯವರು, ಎರಡು ಶಾಕಾಹಾರಿ ಹೋಟೆಲುಗಳ ಮಾಲೀಕರು. ದಿನಾ ಸಂಜೆ ಶಾಲೆಯ ಮೈದಾನಕ್ಕೆ ಎರಡು ಸುತ್ತು ಬಂದು, ಮೂರನೆಯ ಸುತ್ತಿಗೆ ತಮ್ಮ ಡಾಕ್ಟರನ್ನು ಬೈದು, ಕಾರು ಹತ್ತುತ್ತಿದ್ದರು. ವ್ಯಾಯಾಮದ ಬಗ್ಗೆ ಮಾತಾಡುವ ಅಧಿಕಾರ ಅವರಿಗಲ್ಲದೆ ಇನ್ಯಾರಿಗಿದೆ?

"ಎಂಥದು ಮಾರಾಯ್ರೆ ಇದು," ಎಂದರು. "ನಿನ್ನೆ ನೋಡ್ತಾ ಇದ್ದೆ ನಾನು. ಮಕ್ಕಳು ಒಂದು ಸಲ ಓಡಿದ್ರು, ಐದು ನಿಮಿಷ ಕೂತ್ರು. ಮತ್ತೊಂದು ಸಲ ಓಡಿದ್ರು, ಮತ್ತೆ ಕೂತ್ರು. ಇದಕ್ಕೆ ಕೋಚಿಂಗ್ ಅಂತ ಹೇಳುದಾ?"

ನಾನೂ ಮೂಲದಲ್ಲಿ ಅವರ ಊರಿನ ಕಡೆಯವಳೇ ಆದ್ದರಿಂದ ಅದೇ ಧಾಟಿಯಲ್ಲಿ ಹೇಳಿದೆ: "ಹೌದು ಸರ್. ಸುಸ್ತಾದವರು ಜೋರು ಓಡ್ಲಿಕ್ಕೆ ಕಲಿಯುದಿಲ್ಲ, ಮೆಲ್ಲ ಓಡ್ಲಿಕ್ಕೆ ಕಲೀತಾರೆ. ಉಸಿರು ತಿರುಗಿದ ಮೇಲೆಯೇ ಮುಂದಿನ ಓಟ."

"ಮೊದ್ಲಿನ ಮಾಸ್ಟ್ರು ಹನ್ನೆರಡು ರೌಂಡ್ ಓಡಿಸ್ತಿದ್ರು. ಎರಡು ಮಕ್ಕಳಾದ್ರೂ ವಾಂತಿ ಮಾಡಿದ್ರೇ ಅವರಿಗೆ ಸಮಾಧಾನ."

ಇದನ್ನು ಅವರು ಹೊಗಳಿಕೆಯಾಗಿಯೇ ಹೇಳಿದರು. ಆ ಮಾಸ್ತರರ ಸಮಾಧಾನದಿಂದ ಶಾಲೆಗೆ ಎಷ್ಟು ಪದಕ ಬಂದಿತ್ತೆಂದು ಆಫೀಸಿನ ಗಾಜಿನ ಕಪಾಟೇ ಹೇಳುತ್ತಿತ್ತು. ಅದರಲ್ಲಿ ರಂಗೋಲಿ ಸ್ಪರ್ಧೆಯ ಒಂದು ಕಪ್ಪು, ಕವಾಯತಿಗೆ ಸಿಕ್ಕ ಒಂದು ಫಲಕ ಮತ್ತು ಯಾರೋ ಬೀಗರು ಉಡುಗೊರೆ ಕೊಟ್ಟ ನಿಂತ ಗಡಿಯಾರ ಇದ್ದವು.

ಇಂಥ ಮಾಸ್ತರರು ನನಗೆ ಹೊಸಬರಲ್ಲ. ನಾನು ಓದಿದ್ದು ಡೊಂಬಿವಲಿಯಲ್ಲಿ. ಏಳನೆಯ ಕ್ಲಾಸಿನಲ್ಲಿ ಓಟದಲ್ಲಿ ನಮ್ಮ ಶಾಲೆಯ ಹುಡುಗರೂ ನನ್ನ ಹಿಂದೆಯೇ. ಅದನ್ನು ಕಂಡ ನಮ್ಮ ಪಿ.ಟಿ. ಸರ್ ನನ್ನಲ್ಲಿ ಪ್ರತಿಭೆ ಇದೆಯೆಂದು ಗುರುತಿಸಿ, ಅದಕ್ಕೆ ತಕ್ಕ ಶಿಕ್ಷೆ ವಿಧಿಸಿದರು. ಬೆಳಿಗ್ಗೆ ಮೈದಾನಕ್ಕೆ ಹದಿನೈದು ಸುತ್ತು, ಸಂಜೆ ಹತ್ತು. ಕಣಕಾಲಿನ ಮೂಳೆ ನೋಯುತ್ತದೆ ಎಂದರೆ, "ನೋವೇ ಇಲ್ಲದಿದ್ದರೆ ಅದು ಓಟವೇ ಅಲ್ಲ" ಎನ್ನುತ್ತಿದ್ದರು. ಹತ್ತನೆಯ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಎಷ್ಟು ಹೊತ್ತು ಬೇಕಾದರೂ ಓಡಬಲ್ಲವಳಾಗಿದ್ದೆ, ಯಾರನ್ನೂ ಹಿಂದೆ ಹಾಕಲಾರದವಳೂ ಆಗಿದ್ದೆ. ಆಮೇಲೆ ಯಾರಾದರೂ ಓಟದ ಹೆಸರೆತ್ತಿದರೆ ಅಲ್ಲಿಂದ ಎದ್ದು ಹೋಗುತ್ತಿದ್ದೆ. ಹೀಗೆ ಓಟವನ್ನು ದ್ವೇಷಿಸಿದವಳು ಮುಂದೆ ಅದನ್ನೇ ಕಲಿಸುವ ಪದವಿ ಪಡೆದದ್ದು ಹೇಗೆಂದರೆ, ನನ್ನ ಅಂಕಗಳಿಗೆ ಬೇರೆ ಯಾವ ಕಾಲೇಜಿನವರೂ ಬಾಗಿಲು ತೆಗೆಯಲಿಲ್ಲ.

ನನ್ನ ತರಬೇತಿ ತೀರ ಸರಳ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಮೊದಲು ಮೈ ಬಿಸಿಯಾಗುವ ತನಕ ಮುಟ್ಟಾಟ, ಕುಂಟಾಟ, ಖೋ ಖೋ. ಆಮೇಲೆ ಮೂವತ್ತು ಮೀಟರ್ ಓಟ, ಒಬ್ಬೊಬ್ಬರಾಗಿ, ಹುಲಿ ಬೆನ್ನು ಹತ್ತಿದ ಹಾಗೆ. ಲ್ಯಾಬಿನವರು ಬೇಡವೆಂದು ಹೊರಗಿಟ್ಟಿದ್ದ ಕರಿಹಲಗೆಯೊಂದನ್ನು ಎಳೆದು ತಂದು, ಅದರ ಮೇಲೆ ಪ್ರತಿಯೊಬ್ಬರ ಸಮಯ ಬರೆಯುತ್ತಿದ್ದೆ. ತನ್ನ ಹಳೆಯ ಸಮಯವನ್ನು ಮುರಿದವರು ಮಾತ್ರ ಬಣ್ಣದ ಸೀಮೆಸುಣ್ಣ ಮುಟ್ಟಬಹುದು. ಹದಿನೈದು ವರ್ಷದ ಮಕ್ಕಳು, ಮೊಬೈಲಿಗಲ್ಲದೆ ಯಾವುದಕ್ಕೂ ಕಣ್ಣರಳಿಸದವರು, ಒಂದು ತುಂಡು ಗುಲಾಬಿ ಸೀಮೆಸುಣ್ಣಕ್ಕಾಗಿ ಕಚ್ಚಾಡುತ್ತಿದ್ದರು. ನಾಲ್ಕೈದು ಓಟವಾಗಿ ಸಮಯ ಹಿಂದೆ ಬೀಳತೊಡಗಿತೋ, "ಇವತ್ತಿಗೆ ಸಾಕು, ನಡೀರಿ ಮನೆಗೆ" ಎನ್ನುತ್ತಿದ್ದೆ. "ಮೇಡಮ್, ಬಸ್ ಏಕ್ ಔರ್" ಎಂದು ಅವರು ಇನ್ನೊಂದೇ ಓಟಕ್ಕಾಗಿ ಗೋಗರೆದರೆ ಆ ದಿನದ ಕೆಲಸ ಚೆನ್ನಾಗಿ ಆಯಿತೆಂದು ನನ್ನ ನಂಬಿಕೆ.

ಟ್ರಸ್ಟಿಯವರಿಗೆ ಇದೆಲ್ಲ ವಿವರಿಸಿದೆ. ಅವರು ಎಲ್ಲ ಕೇಳಿ, ಮಕ್ಕಳು ಕೂತಿರುವುದು ರಸ್ತೆಯಿಂದ ಕಾಣದಂತೆ ಗೋಡೆಯ ಮರೆಗಾದರೂ ಕೂರಿಸಿ ಎಂದರು. ಅಡ್ಮಿಷನ್ ಸಮಯವಂತೆ.

ತಂಡದಲ್ಲಿ ಒಬ್ಬಳು ಒಂಬತ್ತನೆಯ ಕ್ಲಾಸಿನ ಹುಡುಗಿ ಇದ್ದಳು. ಪಕ್ಕದ ತುರ್ಭೆಯವಳು. ಅಪ್ಪ ಅಲ್ಲಿನ ಸಗಟು ಧಾನ್ಯದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲ, ವಿಜಯಪುರದ ಕಡೆಯಿಂದ ಬಂದವರು. ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಓಡಿದರೆ ಕಾಲು ನೆಲಕ್ಕೆ ತಾಗುವ ಸದ್ದೇ ಕೇಳಿಸುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗುಲಾಬಿ ಸೀಮೆಸುಣ್ಣವನ್ನು ಅವಳೇ ಅರ್ಧ ತೇಯ್ದು ಮುಗಿಸಿದ್ದಳು.

ಎರಡನೆಯ ದೂರು ಅವಳ ಅಪ್ಪನದು. ಒಂದು ಮಧ್ಯಾಹ್ನ, ಹೆಗಲ ಮೇಲೆ ಟವೆಲು ಹಾಕಿಕೊಂಡು, ಚಪ್ಪಲಿಯನ್ನು ಮೈದಾನದ ಅಂಚಿನಲ್ಲಿ ಬಿಟ್ಟು ಬಂದು ನಿಂತರು. ತಮ್ಮ ಊರಿನ ರೂಢಿಯಂತೆ ನನ್ನನ್ನು 'ಅಕ್ಕಾರ' ಎಂದು ಕರೆದರು.

"ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಿ ಖರೇನ ಇಲ್ಲಿ ಬರ್ತಾಳೇನ್ರಿ?"

"ಒಂದು ದಿನವೂ ತಪ್ಪಿಸಿಲ್ಲ. ಯಾಕೆ?"

"ಮನಿಗೆ ಬಂದ್ರ ಮೈಮ್ಯಾಲ ಬೆವರಾ ಇರೂದಿಲ್ರಿ. ಕಾಲು ನೋಯ್ತಾವ ಅನ್ನೂದಿಲ್ಲ. ಕುಣಕೋಂತ ಬರ್ತಾಳ. ಓಡೂಕಿ ಹಂಗ ಬರ್ತಾಳೇನ್ರಿ? ಎಲ್ಲಿ ಹೋಗಿ ಬರ್ತಾಳೋ ಅಂತ ಆಕಿ ಅವ್ವಗ ರಾತ್ರಿ ನಿದ್ದಿ ಇಲ್ರಿ."

ಅವರನ್ನು ಕೂರಿಸಿ ಆ ದಿನದ ಅಭ್ಯಾಸ ತೋರಿಸಿದೆ. ಮಗಳು ಐದು ಸಲ ಓಡಿದಳು. ಅವರು ಬೆರಳು ಮಡಿಚಿ ಎಣಿಸಿದರು. ಮುಗಿದ ಮೇಲೆ ಎದ್ದು ನಿಂತು, ಬಹಳ ಮರ್ಯಾದೆಯಿಂದ, "ನಾ ಹಿಂಗ ಚೀಲ ಇಳಿಸಿ ಐದೈದು ಮಿನಿಟು ಕುಂತ್ರ ನಮ್ಮ ಮುಕಾದಮ ಮನಿಗೆ ಕಳಸ್ತಾನ್ರಿ" ಎಂದು ಹೇಳಿ ಹೋದರು. ಆದರೂ ಮಗಳು ಎಲ್ಲಿಗೂ ಅಲೆಯಲು ಹೋಗುತ್ತಿಲ್ಲವೆಂದು ಅವರಿಗೆ ನೆಮ್ಮದಿಯಾಯಿತು ಎಂದುಕೊಂಡೆ. ದೂರನ್ನು ಇಷ್ಟು ಚೆನ್ನಾಗಿ ನಿಭಾಯಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದಾದ ವಾರದಿಂದ ಹುಡುಗಿಯ ಸಮಯ ಕೆಡತೊಡಗಿತು. ಮೊದಲು ಸ್ವಲ್ಪ, ಆಮೇಲೆ ಎಲ್ಲರಿಗೂ ಕಾಣುವಷ್ಟು. ಕಾಲು ನೆಲಕ್ಕೆ ಬೀಳುವ ಸದ್ದು ಈಗ ನನಗೂ ಕೇಳಿಸುತ್ತಿತ್ತು. ಕೇಳಿದರೆ "ಕುಛ್ ನಹೀ ಮೇಡಮ್" ಎನ್ನುತ್ತಿದ್ದಳು. ಎರಡು ವಾರ ಕಾದೆ, ಮೂರು ವಾರ ಕಾದೆ. ಮಕ್ಕಳ ಮನಸ್ಸನ್ನು ಅರಿತು ನಗುನಗುತ್ತಾ ಕಲಿಸುವ ಮಹಾ ಗುರು ನಾನು ಒಂದು ದಿನ ಎಲ್ಲರ ಎದುರಿಗೇ, "ಮನೆಯಲ್ಲಿ ಮೊಬೈಲ್ ಹಿಡ್ಕೊಂಡು ಕೂತ್ರೆ ಇಲ್ಲಿ ಕಾಲು ಬರೋದಿಲ್ಲಮ್ಮಾ" ಎಂದುಬಿಟ್ಟೆ. ಅವಳು ಸೀಮೆಸುಣ್ಣದ ಡಬ್ಬಿಯನ್ನು ಎತ್ತಿಟ್ಟು ಮನೆಗೆ ಹೋದಳು.

ನಿಜ ತಿಳಿದದ್ದು ನನ್ನ ಸೋಮಾರಿತನದಿಂದ. ನಾನು ಈಗಲೂ ಡೊಂಬಿವಲಿಯಲ್ಲೇ ಇರುವುದರಿಂದ ಬೆಳಗಿನ ಲೋಕಲ್ ರೈಲಿನಲ್ಲಿ ಠಾಣೆ ಸ್ಟೇಷನ್ನಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಕೋಪರಖೈರಣೆಯಲ್ಲಿ ಇಳಿಯಬೇಕು. ಅವತ್ತು ಠಾಣೆಯಿಂದ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕ ಸಂತೋಷಕ್ಕೆ ನಿದ್ದೆ ಹತ್ತಿ, ಕಣ್ಣು ಬಿಟ್ಟಾಗ ತುರ್ಭೆ ಬಂದಿತ್ತು. ಗಡಬಡಿಸಿ ಇಳಿದು ಹಿಂದಕ್ಕೆ ಹೋಗಲು ರಿಕ್ಷಾ ಹತ್ತಿದೆ. ಕಾರ್ಖಾನೆಗಳ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಸಾಲಾಗಿ ನಿಂತ ಲಾರಿಗಳ ಅಂಚಿನಲ್ಲಿ, ನಮ್ಮ ಹುಡುಗಿ ಓಡುತ್ತಿದ್ದಳು. ಓಡುವುದೆಂದರೆ ಕಾಲೆಳೆಯುವುದು. ಅವಳ ಹಿಂದೆ ಸೈಕಲ್ಲಿನ ಮೇಲೆ ಅಪ್ಪ, ಗಂಟೆ ಬಾರಿಸುತ್ತಾ.

ರಿಕ್ಷಾ ನಿಲ್ಲಿಸಿದೆ.

"ಎಷ್ಟು ದಿನದಿಂದ ಇದು?"

ಅವರು ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಇರಲಿಲ್ಲ, ಹೆಮ್ಮೆಯಲ್ಲೇ ಇದ್ದರು. "ತಿಂಗಳಾಗಲಿಕ್ಕ ಬಂತ್ರಿ. ದಿನಾ ಬ್ರಿಜ್ಜಿನ ತನಕ ಹೋಗಿ ಬರೂದು. ನೀವು ಆಡಸ್ರಿ ಅಕ್ಕಾರ, ನಿಮಗ ಬ್ಯಾಡ ಅನ್ನೂದಿಲ್ಲ. ಓಡಸೂದು ನಾ ಓಡಸ್ತೀನಿ."

ಹುಡುಗಿ ಮೊಣಕಾಲಿಗೆ ಕೈ ಊರಿ ನೆಲ ನೋಡುತ್ತಿದ್ದಳು. ಮೊಬೈಲಿನ ಬಗ್ಗೆ ನಾನಾಡಿದ ಮಾತು ನೆನಪಾಗಿ ನಾನೂ ನೆಲವನ್ನೇ ನೋಡಿದೆ. ಅಪ್ಪನಿಗೆ ಗೊತ್ತಾಗದಂತೆ ನನಗೆ ಹೇಳಲು ಅವಳಿಗೆ ಭಯ, ನನಗೆ ಹೇಳಿದರೆ ಅಪ್ಪನಿಗೆ ಅವಮಾನವೆಂಬ ಸಂಕಟ. ಇದನ್ನು ಆಮೇಲೆ ಅವಳ ಗೆಳತಿಯರಿಂದ ತಿಳಿದೆ.

ರಸ್ತೆಯಲ್ಲಿ ನಿಂತು ಸ್ನಾಯು, ಶಕ್ತಿ, ವಿಶ್ರಾಂತಿ ಎಂದು ಭಾಷಣ ಮಾಡಿದೆ. ಹುಟ್ಟಿದಾಗಿನಿಂದ ಸೊಂಟ ಮುರಿದು ದುಡಿದ ಮನುಷ್ಯನಿಗೆ ವಿಶ್ರಾಂತಿಯ ಮಹತ್ವವನ್ನು, ಕಿಟಕಿ ಸೀಟಿನಲ್ಲಿ ನಿದ್ದೆ ಹೊಡೆದು ಬಂದವಳು ಬೋಧಿಸುವುದು! ಅವರು ತಲೆಯಾಡಿಸಿದರು. ಅದು ಒಪ್ಪಿಗೆಯಲ್ಲ, ಹೆಂಗಸರ ಜೊತೆ ವಾದ ಬೇಡವೆಂಬ ಸೌಜನ್ಯವಷ್ಟೇ. ಕೊನೆಗೆ ಹೇಳಿದೆ: "ಭಾನುವಾರ ಮಾರ್ಕೆಟ್ ರಜೆ ಅಲ್ವಾ? ಮೈದಾನಕ್ಕೆ ಬನ್ನಿ. ನೀವೇ ಓಡಿ ನೋಡಿ. ಆಮೇಲೆ ನೀವು ಹೇಳಿದಂತೆ."

ಭಾನುವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ತಂಡದ ಮಕ್ಕಳೆಲ್ಲ ಕರೆಯದೆಯೇ ಬಂದಿದ್ದರು. ಇಂಥ ಸುದ್ದಿ ನೋಟೀಸ್ ಬೋರ್ಡಿಗಿಂತ ಬೇಗ ಮುಟ್ಟುತ್ತದೆ. ಅವರು ಪೈಜಾಮವನ್ನು ಮೊಣಕಾಲಿನ ತನಕ ಮಡಿಚಿ, ಬರಿಗಾಲಲ್ಲಿ ಗೆರೆಯ ಮೇಲೆ ನಿಂತರು. ಸೀಟಿ ಊದಿದೆ.

ನಲವತ್ತು ದಾಟಿದ ಆ ಮನುಷ್ಯ ಓಡಿದ ರೀತಿಯೇ ಬೇರೆ. ಎದೆ ಮುಂದೆ, ತಲೆ ನೇರ, ಮೊಣಕಾಲು ಸೊಂಟದೆತ್ತರ. ಮಗಳಿಗೆ ಆ ಓಟ ಎಲ್ಲಿಂದ ಬಂತೆಂದು ಆಗ ತಿಳಿಯಿತು. ತಂಡದ ಇಬ್ಬರು ಹುಡುಗರಿಗಿಂತ ಒಳ್ಳೆಯ ಸಮಯ. ಮಕ್ಕಳು ಕಿರುಚಾಡಿದರು. ಕರಿಹಲಗೆಯ ಮೇಲೆ ಮಗಳೇ 'ಪಪ್ಪಾ' ಎಂದು ಬರೆದು ಮುಂದೆ ಅಂಕಿ ಹಾಕಿದಳು. ಅವರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಜೀವನದಲ್ಲಿ ಅವರನ್ನು ಅಳೆದವರು ಚೀಲದ ಲೆಕ್ಕದಲ್ಲಿ ಅಳೆದಿದ್ದರೇ ಹೊರತು ಸೆಕೆಂಡಿನ ಲೆಕ್ಕದಲ್ಲಿ ಯಾರೂ ಅಳೆದಿರಲಿಲ್ಲ.

"ಈಗ ಕೂರದೆ, ಕೂಡಲೇ ಇನ್ನೊಂದು ಸಲ ಓಡಿ," ಎಂದೆ. ಓಡಿದರು. ಸಮಯ ಕೆಟ್ಟಿತು. ನನ್ನ ಪಾಠ ಸಿದ್ಧವಾಯಿತೆಂದು ಬೀಗಿದೆ. "ಕಂಡ್ರಾ? ಈಗ ಐದು ನಿಮಿಷ ಕೂತು ಆಮೇಲೆ ಓಡಿ, ನೋಡುವ" ಎನ್ನುವುದರಲ್ಲಿದ್ದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. "ಅಲ್ರಿ, ಅದು ಕಾಲು ಜಾರಿತ್ರಿ. ಮತ್ತ ಹಿಡೀರಿ" ಎಂದು ಆಗಲೇ ಗೆರೆಗೆ ಹೋಗಿ ನಿಂತಿದ್ದರು. ನಿಲ್ಲಿಸಬೇಕಾಗಿತ್ತು. ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು, ನಾನು ಗೆಲ್ಲುವುದರಲ್ಲಿದ್ದೆ, ಸೀಟಿ ಊದಿಬಿಟ್ಟೆ.

ಅರ್ಧ ದಾರಿಯಲ್ಲಿ ಅವರು ತೊಡೆಯ ಹಿಂಭಾಗ ಹಿಡಿದು ಕುಸಿದರು.

ನನ್ನ ತರಬೇತಿಯಲ್ಲಿ ಯಾರಿಗೂ ಗಾಯವಾಗುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಂದು ಮಗುವಿಗೂ ಆಗಿರಲಿಲ್ಲ, ನಿಜ. ಮೈ ಬಿಸಿ ಮಾಡಿಸದೆ, ದಿನಗೂಲಿ ಹಮಾಲನೊಬ್ಬನನ್ನು ಮೂರು ಸಲ ಓಡಿಸಿ ಬೀಳಿಸಿದ ಕೀರ್ತಿ ಮಾತ್ರ ನನ್ನದಾಯಿತು. ಅವರನ್ನು ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದೆ. ಸ್ನಾಯು ಹರಿದಿಲ್ಲ, ಎಳೆದಿದೆ, ಎರಡು ವಾರ ಭಾರ ಎತ್ತುವಂತಿಲ್ಲ ಎಂದರು. ದಾರಿಯುದ್ದಕ್ಕೂ ಹುಡುಗಿ ನನ್ನ ಕಡೆ ನೋಡಲಿಲ್ಲ.

ಎರಡು ದಿನ ಬಿಟ್ಟು ಹಣ್ಣು ಹಿಡಿದುಕೊಂಡು ತುರ್ಭೆಯ ಅವರ ಮನೆಗೆ ಹೋದೆ. ಒಂದೇ ಕೋಣೆ, ಮೇಲೆ ತಗಡು. ಅವರು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. ಬಡಿತದ ಸದ್ದು ನನ್ನನ್ನು ಕಂಡ ಮೇಲೆ ಜೋರಾಯಿತು.

"ಮಗಳನ್ನ ಓಡಸ್ರಿ ಅಂತ ಕಳಿಸಿದ್ವಿ," ಎಂದರು ಆಕೆ, ತಲೆ ಎತ್ತದೆ. "ಗಂಡನ್ನ ಕೆಡವಿ ಕಳಿಸಿದ್ರಿ. ಮುಂದಿನ ವಾರ ನಾ ಬರಬೇಕೇನ್ರಿ, ಇಲ್ಲಾ ನಮ್ಮತ್ತಿನ್ನ ಕಳಸಲಿ?"

ವ್ಯಂಗ್ಯ ನನಗೇ ಒಲಿದ ವಿದ್ಯೆ ಎಂದುಕೊಂಡಿದ್ದೆ. ಅವತ್ತು ಗುರುವಿನ ದರ್ಶನವಾಯಿತು. "ತಪ್ಪು ನನ್ನದು," ಎಂದೆ. "ನಿಮ್ಮ ಕೆಲಸ ಕೆಡಿಸಿದೆ." ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದು ಕ್ಷಣ ನನ್ನನ್ನು ನೋಡಿ, "ಕುಂದರ್ರಿ, ಚಾ ಕುಡೀರಿ" ಎಂದರು. ಒಡಹುಟ್ಟಿದವರಂತಿದ್ದ ಮೂವರು ಹಮಾಲರು ಆಕೆಯ ಗಂಡನ ಪಾಳಿಯನ್ನು ಹಂಚಿಕೊಂಡು ಮಾಡುತ್ತಿದ್ದಾರೆಂದು ಚಹಾ ಕುಡಿಯುವಾಗ ತಿಳಿಯಿತು. ನನ್ನ ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ.

ಹುಡುಗಿಯ ಅಪ್ಪ ಮಾತ್ರ ಬೇರೆಯೇ ಯೋಚನೆಯಲ್ಲಿದ್ದರು. "ಅಕ್ಕಾರ, ಎರಡನೇ ಸಲ ಖರೇನ ನಾ ಹಿಂದ ಬಿದ್ದಿದ್ನೇನ್ರಿ? ಇಲ್ಲಾ ನಿಮ್ಮ ಗಡಿಯಾರ ತಪ್ಪಿತ್ತೋ?"

"ಗಡಿಯಾರ ಸರಿ ಇತ್ತು."

"ಹೂಂ," ಎಂದರು. ಮತ್ತೆ ಕಾಲನ್ನೇ ನೋಡುತ್ತಾ ಕೂತರು.

ಅವರಿಗೆ ನನ್ನ ಸಿದ್ಧಾಂತ ಒಪ್ಪಿಗೆಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದದ್ದಿಷ್ಟು: ಕಾಲು ನೋವಿನಿಂದ ಅವರಿಗೆ ಸೈಕಲ್ ತುಳಿಯಲಾಗಲಿಲ್ಲ. ಸೈಕಲ್ ಇಲ್ಲದ್ದರಿಂದ ಬೆಳಗಿನ ಓಟ ನಿಂತಿತು. ಹುಡುಗಿ ಬೆಳಿಗ್ಗೆ ನಿದ್ದೆ ಮಾಡಿದಳು. ಎರಡನೆಯ ವಾರದ ಕೊನೆಗೆ ಅವಳ ಕಾಲಿನ ಸದ್ದು ಮತ್ತೆ ಮಾಯವಾಯಿತು, ಸಮಯ ಹಿಂದೆಂದಿಗಿಂತ ಚೆನ್ನಾಯಿತು. ಇಷ್ಟೆಲ್ಲ ಓದಿಕೊಂಡು ನಾನು ಸಾಧಿಸಲಾಗದ್ದನ್ನು ಎಳೆದ ಒಂದು ಸ್ನಾಯು ಸಾಧಿಸಿತು. ಆ ಅಂಕಿಯನ್ನು ಅವಳು ಅಂಗೈ ಮೇಲೆ ಬರೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದಳಂತೆ. ಅಪ್ಪ ನೋಡಿ, ಸೈಕಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಗೂಟಕ್ಕೆ ತೂಗು ಹಾಕಿದರಂತೆ.

ನಾನು ಅವಳಲ್ಲಿ ಕ್ಷಮೆ ಕೇಳಿದೆ, ಬೈದಂತೆಯೇ ಎಲ್ಲರ ಎದುರು. ಅವಳಿಗೆ ಅದು ಬೈಗುಳಕ್ಕಿಂತ ಹೆಚ್ಚು ಮುಜುಗರ ತಂದಿತು. "ಠೀಕ್ ಹೈ ನಾ ಮೇಡಮ್," ಎಂದು ಓಡಿಹೋದಳು.

ಡಿಸೆಂಬರಿನಲ್ಲಿ ಠಾಣೆಯಲ್ಲಿ ಜಿಲ್ಲಾ ಕೂಟ. ಕೆಂಪು ರಬ್ಬರಿನ ಟ್ರ್ಯಾಕನ್ನು ನಮ್ಮ ಮಕ್ಕಳು ಮೊದಲ ಸಲ ಕಂಡರು. ಕೂತು ಕೈಯಿಂದ ಸವರಿ ನೋಡಿದರು, ಒಬ್ಬ ಮೂಸಿಯೂ ನೋಡಿದ. ಬೇರೆ ಶಾಲೆಗಳ ಕೋಚುಗಳು ಮಕ್ಕಳನ್ನು ಬೆಳಗಿನಿಂದ ಓಡಿಸಿ ಕೆಂಪಗೆ ಮಾಡಿಟ್ಟಿದ್ದರು. ನಮ್ಮವರು ನೆರಳಿನಲ್ಲಿ ಅಂತ್ಯಾಕ್ಷರಿ ಆಡುತ್ತಿದ್ದರು. ಹುಡುಗಿಯ ಅಪ್ಪ ಮಾರ್ಕೆಟ್ಟಿಗೆ ರಜೆ ಹಾಕಿ ಬಂದು, ಕಂಬಿಗೆ ಆತುಕೊಂಡು ನಿಂತಿದ್ದರು.

ನೂರು ಮೀಟರಿನ ಮೊದಲ ಸುತ್ತಿನಲ್ಲಿ ಅವಳು ಎರಡನೆಯವಳಾದಳು. ಸಂಜೆ ಫೈನಲ್. ನಲವತ್ತು ಮೀಟರಿನ ತನಕ ಎಲ್ಲರಿಗಿಂತ ಮುಂದೆ ಇದ್ದಳು. ನಾನು, ನಗುವೇ ಮುಖ್ಯ, ಪದಕವಲ್ಲ ಎಂದು ಸಾರುವವಳು, ಗಾಜಿನ ಕಪಾಟಿನಲ್ಲಿ ರಂಗೋಲಿಯ ಕಪ್ಪನ್ನು ಎಲ್ಲಿಗೆ ಸರಿಸುವುದೆಂದು ಯೋಚಿಸತೊಡಗಿದ್ದೆ. ಎಂಬತ್ತರ ಹತ್ತಿರ ಒಬ್ಬಳು ದಾಟಿದಳು, ಮತ್ತಿಬ್ಬರು ದಾಟಿದರು. ನಾಲ್ಕನೆಯ ಸ್ಥಾನ.

ಸಮಾಧಾನದ ಮಾತುಗಳನ್ನು ಹೊಂದಿಸಿಕೊಂಡು ಹತ್ತಿರ ಹೋದೆ. ಅವಳು ಮೇಲುಸಿರು ಬಿಡುತ್ತಾ ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚಿಗೇ ಕೈ ಹಾಕಿದಳು.

"ಮೇಡಮ್, ಟೈಮ್? ಟೈಮ್ ಕಿತನಾ ಆಯಾ?"

ತೋರಿಸಿದೆ. ಅವಳು ಅಷ್ಟು ಬೇಗ ಎಂದೂ ಓಡಿರಲಿಲ್ಲ. ಕಿರುಚಿ ನನ್ನನ್ನು ತಬ್ಬಿಕೊಂಡಳು. ಮೂರನೆಯ ಸ್ಥಾನದ ಹುಡುಗಿ ಅಳುತ್ತಿದ್ದಳು, ಅವಳ ಕೋಚ್ ಬೈಯುತ್ತಿದ್ದರು. ಅಪ್ಪ ಕಂಬಿಯ ಆಚೆಯಿಂದ ಕೇಳಿದರು: "ಮುಂದಿನ ಮೂರೂ ಮಂದಿ ಎಷ್ಟು ದಿನದಿಂದ ಓಡ್ತಾರ್ರಿ?"

"ಮೂರು ನಾಲ್ಕು ವರ್ಷದಿಂದ."

"ಹಂಗಾದ್ರ ನಮ್ದು ಬಾಳ ಛಲೋ ಆತಲ್ರಿ," ಎಂದು ಟವೆಲಿನಿಂದ ಮುಖ ಒರೆಸಿಕೊಂಡರು. ಅಷ್ಟು ಹೊತ್ತು ಮುಖ ಒರೆಸಿಕೊಂಡಿದ್ದು ಬಿಸಿಲಿಗೇ ಇರಬೇಕು.

ಠಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಟ್ರಸ್ಟಿಯವರ ಫೋನ್ ಬಂತು. ನಾಲ್ಕನೆಯ ಸ್ಥಾನ ಎಂದೆ. "ಛೆ," ಎಂದರು. "ಒಂದು ಸ್ವಲ್ಪ ಓಡಿಸಿದ್ರೆ ಬರ್ತಿತ್ತು ಮಾರಾಯ್ರೆ." ಹೌದು ಸರ್ ಎಂದೆ.

ಮಕ್ಕಳನ್ನು ಕೋಪರಖೈರಣೆಗೆ ಮುಟ್ಟಿಸಿಯೇ ನಾನು ಡೊಂಬಿವಲಿಗೆ ಮರಳಬೇಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಹೊರಡುವ ಹಂತದಲ್ಲಿತ್ತು. ಅಪ್ಪ, "ಓಡ್ರಿ, ಓಡ್ರಿ" ಎಂದು ಚೀಲ ಎತ್ತಿಕೊಂಡು ಧಾವಿಸಿದರು. ತಂಡದಲ್ಲೇ ಅತಿ ವೇಗದ ಹುಡುಗಿ ಹೆಜ್ಜೆ ಕೂಡ ಬದಲಿಸಲಿಲ್ಲ.

"ಪಪ್ಪಾ, ದೂಸ್ರಿ ಗಾಡಿ ಆಯೇಗಿ," ಎಂದು ಬೆಂಚಿನ ಮೇಲೆ ಕೂತು, ಬೂಟಿನ ಲೇಸು ಬಿಚ್ಚಿ, ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ತೆರೆದಳು. ಶೇಂಗಾ ಚಟ್ನಿಯ ವಾಸನೆಗೆ ಉಳಿದ ಮಕ್ಕಳೂ ಬಂದು ಸುತ್ತ ಕೂತರು. ಗಾಡಿ ಹೋಯಿತು. ಅಪ್ಪ ಬಾಗಿಲ ತನಕ ಹೋಗಿದ್ದವರು ತಿರುಗಿ ಬಂದು, ಏನೋ ಬೈಯಲು ಬಾಯಿ ತೆರೆದು, ಅರ್ಧ ರೊಟ್ಟಿ ಇಸಿದುಕೊಂಡು ಪಕ್ಕದಲ್ಲಿ ಕೂತರು.